ಪಾವಣ್ಯಾರ ಕೈಗೆ ಸ್ಪೀಕರ್: ರೇಡಿಯೊ ಲೈಸೆನ್ಸ್‌ನಿಂದ ವೈಫೈ ಪಾಸ್‌ವರ್ಡ್‌ವರೆಗೆ

ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ನಿಮ್ಮ ಮನೆಯ ವೈಫೈ ಪಾಸ್‌ವರ್ಡ್ ಈಗ ಎಷ್ಟು ಜನರ ಫೋನ್‌ನಲ್ಲಿದೆ? ಮನೆಯವರನ್ನ ಬಿಡಿ. ಹೋದ ವರ್ಷ ಗಣಪತಿ ಹಬ್ಬಕ್ಕೆ ಬಂದ ಪಾವಣ್ಯಾರು, ಅಕ್ಕನ ಮದುವೆಗೆ ಬಂದು ಎರಡು ದಿನ ಉಳಿದ ಬೀಗರ ಹುಡುಗರು, ಪ್ರಾಜೆಕ್ಟ್ ಮಾಡೋಕೆ ಬಂದ ಕ್ಲಾಸ್‌ಮೇಟ್‌ಗಳು, ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದು ಖಾಲಿ ಮಾಡಿಕೊಂಡು ಹೋದವರು. ಬೆರಳು ಮಡಚುತ್ತಾ ಹೋದ್ರೆ ಎರಡೂ ಕೈ ಸಾಲೋದಿಲ್ಲ. ಅವರೆಲ್ಲ ಮನೆಯಿಂದ ಹೋಗಿದ್ದಾರೆ. ಪಾಸ್‌ವರ್ಡ್ ಮಾತ್ರ ಅವರ ಜೊತೆಗೇ ಇದೆ.

ಇಂಟರ್ನೆಟ್ ಅಷ್ಟೇ ಆಗಿದ್ರೆ ದೊಡ್ಡ ವಿಷಯ ಅಲ್ಲ ಅನ್ನಬಹುದಿತ್ತು. ಆದ್ರೆ ಅದೇ ವೈಫೈ ಮೇಲೆ ಹಾಲ್‌ನಲ್ಲಿ ಒಂದು ಸ್ಪೀಕರ್ ಕೂತಿರುತ್ತೆ. ಇವತ್ತಿನ ಬಹುಪಾಲು ವೈಫೈ ಸ್ಪೀಕರ್‌ಗಳ ನಿಯಮ ಒಂದೇ ಸಾಲಿನದು: ಅದೇ ನೆಟ್‌ವರ್ಕ್‌ನಲ್ಲಿದ್ದೀಯಾ? ಹಾಗಾದ್ರೆ ನೀನು ಮನೆಯವನೇ. ಹಾಡು ಹಾಕು, ನಿಲ್ಲಿಸು, ವಾಲ್ಯೂಮ್ ಏರಿಸು, ಯಾರೂ ಕೇಳೋದಿಲ್ಲ. ಅಜ್ಜ ಮಧ್ಯಾಹ್ನ ಕಣ್ಣು ಮುಚ್ಚಿ ಅಭಂಗ ಕೇಳ್ತಾ ಇರುವಾಗ ಒಳಗಿನ ಕೋಣೆಯಿಂದ ಯಾರೋ ಡಿಜೆ ರೀಮಿಕ್ಸ್ ಬಿಟ್ಟರೆ ತಪ್ಪು ಯಾರದು?

ಸದ್ದು ಮಾಡುವ ಪೆಟ್ಟಿಗೆಯನ್ನ ಯಾರು ಮುಟ್ಟಬಹುದು ಅನ್ನೋ ಪ್ರಶ್ನೆ ಸ್ಮಾರ್ಟ್ ಸ್ಪೀಕರ್ ಜೊತೆ ಹುಟ್ಟಿದ್ದಲ್ಲ. ಅದಕ್ಕೆ ಹತ್ತಿರ ಹತ್ತಿರ ನೂರು ವರ್ಷದ ಇತಿಹಾಸ ಇದೆ. ಆ ಇತಿಹಾಸವನ್ನ ಬೆಳಗಾವಿಯಿಂದ, ಖಾನಾಪುರದ ಕಾಡಂಚಿನಿಂದ ನೋಡೋಣ. ಕೊನೆಗೆ ನಿಮ್ಮ ರೂಟರ್‌ಗೆ ಬರೋಣ.

ಪೋಸ್ಟ್ ಆಫೀಸಿನಲ್ಲಿ ಸಿಗುತ್ತಿದ್ದ ಅನುಮತಿ

1920–30ರ ದಶಕದಲ್ಲಿ ಬೆಳಗಾವಿ ಇದ್ದಿದ್ದು ಬಾಂಬೆ ಪ್ರೆಸಿಡೆನ್ಸಿಯಲ್ಲಿ. ಬಾಂಬೆಯಲ್ಲಿ 1927ರ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ರೇಡಿಯೊ ಪ್ರಸಾರ ಶುರುವಾಯ್ತು. ಅತ್ತ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 1935ರಲ್ಲಿ 'ಆಕಾಶವಾಣಿ'ಯನ್ನ ಶುರು ಮಾಡಿದ್ರು. ಗಾಳಿಯಲ್ಲಿ ಸದ್ದು ಬರೋಕೆ ಶುರುವಾದ ಕೂಡಲೇ ಬ್ರಿಟಿಷ್ ಸರ್ಕಾರಕ್ಕೆ ಒಂದು ಚಿಂತೆ ಹತ್ತಿತು. ಯಾರು ಕಳಿಸ್ತಾರೆ ಅನ್ನೋದು ಸರಿ, ಯಾರು ಕೇಳ್ತಾರೆ?

ಉತ್ತರವಾಗಿ ಬಂದದ್ದು 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ. ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣವನ್ನ ಇಟ್ಟುಕೊಳ್ಳೋದೇ ಅಪರಾಧ. ಬಳಸೋದಲ್ಲ, ಬರೀ ಇಟ್ಟುಕೊಳ್ಳೋದು! ಹಾಡು ಕೇಳುವ ರೇಡಿಯೊ ಸೆಟ್ಟೂ ಅದೇ ಲೆಕ್ಕದಲ್ಲಿ ಬಂತು. ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ಶುಲ್ಕ ಕಟ್ಟಬೇಕು, ಲೈಸೆನ್ಸ್ ಪುಸ್ತಕ ನವೀಕರಿಸಿಕೊಳ್ಳಬೇಕು. ಮೊದಮೊದಲು 10 ರೂಪಾಯಿ, ಸ್ವಾತಂತ್ರ್ಯದ ನಂತರ 15 ರೂಪಾಯಿ. ಆ ಕಾಲದ 10 ರೂಪಾಯಿ ಅಂದ್ರೆ ತಮಾಷೆ ಅಲ್ಲ. ಮನೆಗೊಂದು ಲೈಸೆನ್ಸ್, ಹೋಟೆಲಿಗೆ ಬೇರೆ ಲೈಸೆನ್ಸ್. ಯಾಕಂದ್ರೆ ಮನೆಯಲ್ಲಿ ಕೇಳುವವರು ಮನೆಯವರು, ಹೋಟೆಲಿನಲ್ಲಿ ಕೇಳುವವರು ಗಿರಾಕಿಗಳು.

ಇಲ್ಲಿ ಒಂದು ವಿಷಯ ಗಮನಿಸಿ. ಸರ್ಕಾರ ಕೇಳಿದ್ದು ಪೆಟ್ಟಿಗೆ ಯಾರದು ಅಂತ. ಆ ಪೆಟ್ಟಿಗೆಯ ಮುಂದೆ ಎಷ್ಟು ಜನ ಕೂರ್ತಾರೆ, ಅವರು ಯಾರು ಅಂತ ಅದು ಕೇಳಲಿಲ್ಲ. ಕೇಳೋಕೆ ಸಾಧ್ಯವೂ ಇರಲಿಲ್ಲ. ಓಣಿಯಲ್ಲಿ ಒಂದು ಮನೆಗೆ ಲೈಸೆನ್ಸ್ ಇದ್ರೆ ಇಡೀ ಓಣಿ ಕಿಟಕಿಯಲ್ಲಿ ನಿಂತು ಕೇಳಬಹುದಿತ್ತು. ಅನುಮತಿ ಬಾಗಿಲಲ್ಲಿ ಇತ್ತು, ಸದ್ದು ಮಾತ್ರ ಕಿಟಕಿಯಿಂದ ಹೊರಗೆ ಹೋಗ್ತಿತ್ತು.

ಹಳ್ಳಿಗಳಿಗೆ ಕೊಟ್ಟ ರೇಡಿಯೊಗಳ ಕಥೆ ಇನ್ನೂ ಮಜಾ ಇದೆ. 1930ರ ದಶಕದಲ್ಲಿ ಪೇಶಾವರ, ದೆಹಲಿ ಸುತ್ತಿನ ಹಳ್ಳಿಗಳಲ್ಲಿ ಸರ್ಕಾರಿ ಸೆಟ್‌ಗಳನ್ನ ಇಟ್ಟಾಗ ಅವನ್ನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡ್ತಿದ್ರು. ಸ್ಟೇಷನ್ ಮೊದಲೇ ಕಟ್ಟಿಟ್ಟದ್ದು, ಟೈಮ್ ಸ್ವಿಚ್ ಇಂತಿಷ್ಟು ಹೊತ್ತಿಗೆ ತಾನೇ ಆನ್ ಮಾಡಿ ತಾನೇ ಆಫ್ ಮಾಡ್ತಿತ್ತು. ಊರಿನವರು ಕೇಳಬಹುದು, ಆದ್ರೆ ತಿರುಗಿಸೋ ಹಾಗಿಲ್ಲ. ಇಂದಿನ ಭಾಷೆಯಲ್ಲಿ ಹೇಳೋದಾದ್ರೆ ಅಡ್ಮಿನ್ ಸರ್ಕಾರ, ಊರವರೆಲ್ಲ ಗೆಸ್ಟ್.

ಸ್ವಾತಂತ್ರ್ಯದ ನಂತರ ಈ ಧೋರಣೆ ಸ್ವಲ್ಪ ಬದಲಾಯ್ತು. 1956ರಲ್ಲಿ ಪುಣೆ ಆಕಾಶವಾಣಿ, ಯುನೆಸ್ಕೊ ಜೊತೆ ಸೇರಿ 'ರೇಡಿಯೊ ರೂರಲ್ ಫೋರಂ' ಅನ್ನೋ ಪ್ರಯೋಗ ಮಾಡಿತು. ಆಗಿನ ಬಾಂಬೆ ರಾಜ್ಯದ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳನ್ನ ಆರಿಸಿಕೊಂಡ್ರು. ಬೆಳಗಾವಿಯ ಪಕ್ಕದ ಕೊಲ್ಹಾಪುರವೂ ಅದರಲ್ಲಿತ್ತು. ಜನ ಕೂತು ಕೇಳೋದು, ಕೇಳಿದ ಮೇಲೆ ಚರ್ಚೆ ಮಾಡೋದು, ಪ್ರಶ್ನೆಗಳನ್ನ ಸ್ಟೇಷನ್‌ಗೆ ವಾಪಸ್ ಬರೆಯೋದು. ಕೇಳುವವರಿಗೂ ಮಾತಿದೆ ಅಂತ ಒಪ್ಪಿಕೊಂಡ ಪ್ರಯೋಗ ಅದು. ಅದೇ ವರ್ಷ ನವೆಂಬರ್ 1ಕ್ಕೆ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು.

ತಿರುಗಣಿ ಯಾರ ಕೈಯಲ್ಲಿ?

ಈಗ ಮನೆಯೊಳಗೆ ಬನ್ನಿ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಬೆಳಗಾವಿಗೆ ಹತ್ತಿರದಲ್ಲೇ ಒಂದು ಕನ್ನಡ ಸ್ಟೇಷನ್ ಸಿಕ್ಕಿತು. 1963ರಲ್ಲಿ ಸಾಂಗ್ಲಿ ಕೇಂದ್ರ ಬಂತು, ಮರಾಠಿ ಕಾರ್ಯಕ್ರಮಗಳೂ ಹತ್ತಿರವಾದವು. ಇವೆರಡರ ನಡುವೆ ದೂರದ ಸಿಲೋನ್ ಕೂಡ ಇತ್ತು. ಕೇಂದ್ರ ಮಂತ್ರಿ ಬಿ.ವಿ. ಕೇಸ್ಕರ್ ಕಾಲದಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳನ್ನ ದೂರ ಇಟ್ಟಾಗ, 1952ರ ಕೊನೆಯಿಂದ ಅಮೀನ್ ಸಯಾನಿ ಅವರ 'ಬಿನಾಕಾ ಗೀತ್‌ಮಾಲಾ' ರೇಡಿಯೊ ಸಿಲೋನ್‌ನಿಂದ ಇಡೀ ದೇಶವನ್ನ ಎಳೆದುಕೊಂಡಿತು. ಕೇಳುಗರು ಕೈತಪ್ಪಿ ಹೋಗ್ತಿದ್ದಾರೆ ಅಂತ ಗೊತ್ತಾಗಿ 1957ರಲ್ಲಿ ವಿವಿಧ ಭಾರತಿ ಶುರು ಮಾಡಬೇಕಾಯ್ತು.

ಹಾಗಾಗಿ ಒಂದೇ ಪೆಟ್ಟಿಗೆಯೊಳಗೆ ಧಾರವಾಡ, ಸಾಂಗ್ಲಿ, ಸಿಲೋನ್ ಮೂರೂ ಇದ್ವು. ಬೆಳಗಾವಿಯಂಥ ಊರಲ್ಲಿ, ಕನ್ನಡ, ಮರಾಠಿ, ಕೊಂಕಣಿ, ಉರ್ದು ಒಂದೇ ಓಣಿಯಲ್ಲಿ ಓಡಾಡುವ ಕಡೆ, ತಿರುಗಣಿಯನ್ನ ಯಾವ ಕಡೆ ತಿರುಗಿಸ್ತೀರಿ ಅನ್ನೋದು ಬರೀ ಟೇಸ್ಟ್ ಪ್ರಶ್ನೆ ಆಗಿರಲಿಲ್ಲ.

ಆದರೆ ಅದಕ್ಕೆ ಒಂದು ಸರಳ ವ್ಯವಸ್ಥೆ ಇತ್ತು. ತಿರುಗಣಿ ಇದ್ದಿದ್ದು ಪೆಟ್ಟಿಗೆಯ ಮೇಲೆ. ಪೆಟ್ಟಿಗೆ ಇದ್ದಿದ್ದು ಪಡಸಾಲೆಯಲ್ಲಿ, ಎಲ್ಲರ ಕಣ್ಣ ಮುಂದೆ. ಸ್ಟೇಷನ್ ಬದಲಿಸಬೇಕಂದ್ರೆ ಎದ್ದು ಹೋಗಬೇಕು, ಕೈ ಹಾಕಬೇಕು, ಎಲ್ಲರೂ ನೋಡ್ತಾರೆ. ಪಾವಣ್ಯಾರ ಹುಡುಗನಿಗೆ ಗೀತ್‌ಮಾಲಾ ಬೇಕಿದ್ರೆ 'ಕಾಕಾ, ಸಿಲೋನ್ ಹಚ್ಚಲೇನ್ರೀ?' ಅಂತ ಕೇಳಬೇಕು. ಕಾಕಾ 'ಹಚ್ಚಪ್ಪಾ' ಅಂದ್ರೆ ಉಂಟು, ಸುಮ್ಮನೆ ಎಲೆ ಅಡಿಕೆ ಜಗಿತಾ ಕೂತ್ರೆ ಇಲ್ಲ. ಅದು ನ್ಯಾಯವಾದ ವ್ಯವಸ್ಥೆ ಅಂತ ನಾನು ಹೇಳ್ತಿಲ್ಲ. ಎಷ್ಟೋ ಮನೆಗಳಲ್ಲಿ ತಿರುಗಣಿ ಗಂಡಸರ ಕೈಯಲ್ಲೇ ಇತ್ತು. ಅಡಿಗೆಮನೆಯಲ್ಲಿದ್ದ ಅವ್ವಂದಿರು, ವೈನಿಯವರು ಯಾರೋ ಹಚ್ಚಿದ್ದನ್ನೇ ಕೇಳಬೇಕಿತ್ತು. 1960–70ರ ದಶಕಗಳಲ್ಲಿ ಅಗ್ಗದ ಟ್ರಾನ್ಸಿಸ್ಟರ್ ಬಂದ ಮೇಲೆಯೇ ರೇಡಿಯೊ ಒಲೆಯ ಪಕ್ಕಕ್ಕೆ, ಹೊಲದ ಬದುವಿಗೆ, ದನ ಕಾಯುವ ಹುಡುಗನ ಹೆಗಲಿಗೆ ಬಂದದ್ದು.

ಆದರೂ ಆ ಹಳೆ ವ್ಯವಸ್ಥೆಯಲ್ಲಿ ಒಂದು ಗುಣ ಇತ್ತು. ಮುಟ್ಟಬೇಕಂದ್ರೆ ಎದುರಿಗೆ ಇರಬೇಕು. ಊರಿಗೆ ವಾಪಸ್ ಹೋದ ದಿನ ಅತಿಥಿಯ ಅಧಿಕಾರವೂ ಮುಗೀತು. ಖಾನಾಪುರಕ್ಕೆ ಬಸ್ ಹತ್ತಿದ ಮೇಲೆ ಬೆಳಗಾವಿಯ ಮಾಮಾನ ಮನೆಯ ರೇಡಿಯೊ ಯಾರಿಗೂ ತಿರುಗಿಸೋಕೆ ಆಗ್ತಿರಲಿಲ್ಲ. ಈ ಮಾತನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಒಳಗೆ ಬಿಡದ ವಾದ್ಯ

ಪೆಟ್ಟಿಗೆಯನ್ನ ಯಾರು ಮುಟ್ಟಬೇಕು ಅನ್ನೋದು ಒಂದು ಪ್ರಶ್ನೆ. ಪೆಟ್ಟಿಗೆಯೊಳಗೆ ಏನು ಬರಬೇಕು ಅನ್ನೋದು ಇನ್ನೊಂದು. ಇದಕ್ಕೆ ಬೆಳಗಾವಿಗೆ ಹತ್ತಿರದ ಉದಾಹರಣೆ ಹಾರ್ಮೋನಿಯಂ.

1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನ ನಿಷೇಧಿಸಿತು. ಕಾರಣ ಏನಂದ್ರೆ, ಅದರ ಸ್ವರಗಳು ಕಟ್ಟಿಟ್ಟವು, ನಮ್ಮ ರಾಗಗಳ ಮೀಂಡ್, ಶ್ರುತಿಯ ಸೂಕ್ಷ್ಮ ಅದರಲ್ಲಿ ಬರೋದಿಲ್ಲ, ಅದು ಹೊರಗಿನಿಂದ ಬಂದ ವಾದ್ಯ. ರವೀಂದ್ರನಾಥ ಟ್ಯಾಗೋರ್‌ಗೂ ಅದು ಇಷ್ಟ ಇರಲಿಲ್ಲ. ವಾದದಲ್ಲಿ ಹುರುಳಿಲ್ಲ ಅಂತಲ್ಲ. ಆದ್ರೆ ಅದೇ ಹೊತ್ತಿಗೆ ಬೆಳಗಾವಿ, ಧಾರವಾಡ, ಮಿರಜ್ ಸೀಮೆಯಲ್ಲಿ ಭಜನಿ, ನಾಟಕ, ಸಂಗೀತ ಕಛೇರಿ ಯಾವುದೂ ಹಾರ್ಮೋನಿಯಂ ಇಲ್ಲದೆ ನಡೀತಿರಲಿಲ್ಲ. ಬೆಳಗಾವಿಯಲ್ಲಿ ದಶಕಗಳ ಕಾಲ ಹಾರ್ಮೋನಿಯಂ ಕಲಿಸಿದ ಪಂಡಿತ ರಾಮಭಾವು ವಿಜಾಪುರೆ ಅವರಂಥವರು, ಊರಿನ ವೇದಿಕೆಯಲ್ಲಿ ಗೌರವ ಇದ್ದ ವಾದ್ಯಕ್ಕೆ ಸರ್ಕಾರಿ ಮೈಕ್ ಮುಂದೆ ಜಾಗ ಇಲ್ಲದ ಕಾಲವನ್ನ ದಾಟಿ ಬಂದವರು. ನಿಷೇಧ ಸಡಿಲವಾಗೋಕೆ 1970ರ ದಶಕ ಬರಬೇಕಾಯ್ತು, ಅದೂ ಮೊದಲು ಸಾಥ್ ಕೊಡುವ ವಾದ್ಯವಾಗಿ ಮಾತ್ರ.

ನಿಯಂತ್ರಣದ ಬಗ್ಗೆ ಮಾತಾಡುವಾಗ ಇದನ್ನ ಮರೀಬಾರದು. ಬಾಗಿಲು ಕಾಯುವವನಿಗೆ ತನ್ನ ಅಭಿರುಚಿಯೇ ನಿಯಮ ಅನ್ನಿಸೋಕೆ ಶುರುವಾದ್ರೆ ಮೂವತ್ತು ವರ್ಷ ಒಂದು ವಾದ್ಯ ಹೊರಗೇ ಉಳಿಯುತ್ತೆ. ಮನೆಯ ಸ್ಪೀಕರ್‌ಗೂ ಇದು ಅನ್ವಯಿಸುತ್ತೆ.

ಬಾಗಿಲೇ ಬೇಡ ಅಂದ ರೇಡಿಯೊ

ಈಗ ಖಾನಾಪುರದ ಕಡೆ ಹೋಗೋಣ. ಬೆಳಗಾವಿಯಿಂದ ರೈಲು ಹಿಡಿದ್ರೆ ಖಾನಾಪುರ, ಆಮೇಲೆ ಲೋಂಡಾ. ಲೋಂಡಾ ದಾಟಿದರೆ ಕ್ಯಾಸಲ್ ರಾಕ್, ಅದು ಉತ್ತರ ಕನ್ನಡದ ಜೋಯಿಡಾ ತಾಲ್ಲೂಕು. ಘಟ್ಟ ಇಳಿದ್ರೆ ಗೋವಾ. 1961ರವರೆಗೆ ಆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು, ಕ್ಯಾಸಲ್ ರಾಕ್ ಗಡಿ ಸ್ಟೇಷನ್ ಆಗಿತ್ತು.

1955ರ ನವೆಂಬರ್ 25ರಂದು ಇಬ್ಬರು ಗೋವಾ ಹೋರಾಟಗಾರರು, ವಾಮನ ಸರ್ದೇಸಾಯಿ ಮತ್ತು ಲಿಬಿಯಾ ಲೋಬೊ, ಕಾಡಿನಲ್ಲಿ ಒಂದು ಗುಪ್ತ ರೇಡಿಯೊ ಶುರು ಮಾಡಿದ್ರು. ಮೊದಲು ಆಂಬೋಲಿ ಘಟ್ಟದಲ್ಲಿ, ಆಮೇಲೆ ಕ್ಯಾಸಲ್ ರಾಕ್‌ನಲ್ಲಿ. ಕೊಂಕಣಿಯಲ್ಲಿ ಒಂದು, ಪೋರ್ಚುಗೀಸ್‌ನಲ್ಲಿ ಒಂದು ಪ್ರಸಾರ, ಸ್ವಾತಂತ್ರ್ಯದ ದನಿ ಅನ್ನೋ ಅರ್ಥದ ಹೆಸರು. ಗೋವಾದ ಪತ್ರಿಕೆಗಳಲ್ಲಿ ಬರದ ಸುದ್ದಿಯನ್ನ ಗೋವಾದ ಮನೆಗಳಿಗೆ ಮುಟ್ಟಿಸೋದು ಕೆಲಸ. ಜಿಗಣೆ, ಹಾವು, ಎಡೆಬಿಡದ ಮಳೆಯ ಆ ಕಾಡಿನಲ್ಲಿ ಆರು ವರ್ಷ ಇದು ನಡೀತು. 1961ರ ಡಿಸೆಂಬರ್‌ನಲ್ಲಿ ಪೋರ್ಚುಗೀಸರು ಶರಣಾದಾಗ ಇವರಿಬ್ಬರೇ ವಿಮಾನಕ್ಕೆ ಲೌಡ್‌ಸ್ಪೀಕರ್ ಕಟ್ಟಿಸಿಕೊಂಡು ಗೋವಾ ಮೇಲೆ ಹಾರುತ್ತಾ ಸುದ್ದಿ ಸಾರಿದ್ರು. ಲಿಬಿಯಾ ಲೋಬೊ ಸರ್ದೇಸಾಯಿ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ಆಗ ಅವರಿಗೆ ನೂರು ವರ್ಷ.

ಈ ಕಥೆ ನಮ್ಮ ಸ್ಪೀಕರ್‌ಗೆ ಯಾಕೆ ಬೇಕು? ಆ ರೇಡಿಯೊ ಕೆಲಸ ಮಾಡಿದ್ದೇ ಒಂದು ಕಾರಣಕ್ಕೆ. ರೇಡಿಯೊ ಕೇಳುವವನು ಯಾವ ಗುರುತನ್ನೂ ಬಿಡೋದಿಲ್ಲ. ಮಡಗಾಂವ್‌ನಲ್ಲಿ ಒಬ್ಬರು ಬಾಗಿಲು ಹಾಕಿಕೊಂಡು ಸಣ್ಣ ದನಿಯಲ್ಲಿ ಕೇಳಿದ್ರೆ, ಅದು ಕ್ಯಾಸಲ್ ರಾಕ್‌ಗೂ ಗೊತ್ತಾಗ್ತಿರಲಿಲ್ಲ, ಲಿಸ್ಬನ್‌ಗೂ ಗೊತ್ತಾಗ್ತಿರಲಿಲ್ಲ. ಅಲೆ ಒಂದೇ ದಿಕ್ಕಿಗೆ ಹರೀತಿತ್ತು. ಕೇಳುಗನಿಗೆ ಹೆಸರಿರಲಿಲ್ಲ. ಆ ಹೆಸರಿಲ್ಲದಿರುವಿಕೆಯೇ ಅವನ ರಕ್ಷಣೆ.

ಇವತ್ತಿನ ವೈಫೈ ಸ್ಪೀಕರ್ ಇದಕ್ಕೆ ತೀರಾ ಉಲ್ಟಾ. ಯಾವ ಫೋನ್ ಹಾಡು ಕಳಿಸಿತು, ಯಾವ ಖಾತೆಯಿಂದ, ಎಷ್ಟು ಹೊತ್ತಿಗೆ ಅನ್ನೋದೆಲ್ಲ ಅದಕ್ಕೆ ಗೊತ್ತು. ಕೆಲವು ಫೋನ್‌ಗಳಲ್ಲಿ ಅದೇ ವೈಫೈನಲ್ಲಿರುವ ಎಲ್ಲರಿಗೂ ಒಂದು ನೋಟಿಫಿಕೇಷನ್ ಬರುತ್ತೆ: ಹಾಲ್‌ನ ಸ್ಪೀಕರ್‌ನಲ್ಲಿ ಇಂಥದ್ದು ನಡೀತಿದೆ, ನಿಲ್ಲಿಸಬೇಕಾ? ನೀವು ಒಬ್ಬರೇ ಕೇಳ್ತಿದ್ದೀರಿ ಅಂದುಕೊಂಡಿದ್ದು ಪಾವಣ್ಯಾರ ಪರದೆ ಮೇಲೂ ಬಂದಿರುತ್ತೆ. ಅಂದ್ರೆ ಅತಿಥಿಗೆ ಸ್ಪೀಕರ್ ತೆರೆದಿಡೋದು ಅಂದ್ರೆ ಬರೀ ವಾಲ್ಯೂಮ್ ಕೊಟ್ಟಂತೆ ಅಲ್ಲ, ಮನೆಯಲ್ಲಿ ಏನು ನಡೀತಿದೆ ಅನ್ನೋದರ ಒಂದು ಕಿಟಕಿಯನ್ನೂ ಕೊಟ್ಟಂತೆ.

ಸರ್ಕಾರ ಬಾಗಿಲು ತೆಗೆದ ದಿನ

1980ರ ದಶಕದಲ್ಲಿ ರೇಡಿಯೊ ಲೈಸೆನ್ಸ್ ಪದ್ಧತಿ ಹೋಯ್ತು. ಪೋಸ್ಟ್ ಆಫೀಸಿನ ಆ ಪುಸ್ತಕ ಟ್ರಂಕ್ ಸೇರಿತು. ಆದ್ರೆ 1933ರ ಕಾಯ್ದೆ ಉಳೀತು. ಅದರ ಕೈಯಿಂದ ನಮ್ಮ ಮನೆ ವೈಫೈ ತಪ್ಪಿಸಿಕೊಂಡಿದ್ದು 2005ರ ಜನವರಿಯಲ್ಲಿ. 2.4 ಗಿಗಾಹರ್ಟ್ಸ್ ತರಂಗಗಳಲ್ಲಿ ಕಡಿಮೆ ಶಕ್ತಿಯ ಉಪಕರಣ ಬಳಸೋಕೆ ಲೈಸೆನ್ಸ್ ಬೇಡ ಅಂತ ಕೇಂದ್ರ ಸರ್ಕಾರ ನಿಯಮ ಹೊರಡಿಸಿತು. ವೈಫೈ, ಬ್ಲೂಟೂತ್ ಎರಡೂ ಓಡೋದು ಅದೇ ಪಟ್ಟಿಯಲ್ಲಿ.

ಇದು ದೊಡ್ಡ ಬದಲಾವಣೆ. ಮೊದಲು ಬಾಗಿಲು ಕಾಯ್ತಿದ್ದದ್ದು ಸರ್ಕಾರ. ಈಗ ಆ ಕೆಲಸ ಮನೆಯವರದ್ದು. ಆದ್ರೆ ಯಾರೂ ನಮಗೆ ಅದನ್ನ ಹೇಳಲಿಲ್ಲ. ಕೇಬಲ್‌ನವರು ಬಂದು ರೂಟರ್ ಗೋಡೆಗೆ ಹೊಡೆದು, ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿಕೊಟ್ಟು ಹೋದ್ರು.

ಮೊದಲು ಬಂದದ್ದು ಬ್ಲೂಟೂತ್. ಸ್ವೀಡನ್‌ನ ಎರಿಕ್ಸನ್ ಕಂಪನಿಯಲ್ಲಿ 1994ರಲ್ಲಿ ಯಾಪ್ ಹಾರ್ಟ್‌ಸೆನ್ ಅನ್ನೋ ಎಂಜಿನಿಯರ್ ಕೆಲಸ ಶುರು ಮಾಡಿದ ತಂತ್ರಜ್ಞಾನ ಅದು. ಅದರಲ್ಲಿ 'ಪೇರಿಂಗ್' ಅನ್ನೋ ಪದ್ಧತಿ ಇದೆ. ಸ್ಪೀಕರ್‌ನ ಬಟನ್ ಒತ್ತಬೇಕು, ಫೋನ್ ಹತ್ತಿರ ಇರಬೇಕು, ಒಂದು ಕೈಕುಲುಕು ಆಗಬೇಕು. ವ್ಯಾಪ್ತಿ ಸಾಮಾನ್ಯವಾಗಿ ಹತ್ತು ಮೀಟರ್ ಆಸುಪಾಸು. ಸುಮಾರಾಗಿ ಹಳೆ ತಿರುಗಣಿಯ ನಿಯಮವೇ: ಎದುರಿಗೆ ಇರಬೇಕು. ಒಂದು ಕೊರತೆ ಅಂದ್ರೆ ಪೇರ್ ಆದ ಫೋನ್‌ಗಳನ್ನ ಸ್ಪೀಕರ್ ನೆನಪಿಟ್ಟುಕೊಳ್ಳುತ್ತೆ. ಪಕ್ಕದ ಮನೆ ಹುಡುಗನ ಫೋನ್ ಗೋಡೆಯಾಚೆಯಿಂದಲೇ ತಾನಾಗಿ ಕನೆಕ್ಟ್ ಆಗೋದು ಹೀಗೆ.

ವೈಫೈ ಸ್ಪೀಕರ್ ಬೇರೆ ಜಾತಿ. 2005ರಲ್ಲಿ ಸೋನೋಸ್, 2010ರಲ್ಲಿ ಆಪಲ್‌ನ ಏರ್‌ಪ್ಲೇ, 2013ರಲ್ಲಿ ಗೂಗಲ್‌ನ ಕ್ರೋಮ್‌ಕಾಸ್ಟ್ ಬಂದವು. ಇವೆಲ್ಲ ಕೆಲಸ ಮಾಡೋದು ಒಂದು ಡಂಗುರದ ಲೆಕ್ಕದಲ್ಲಿ. ಹಳ್ಳಿಯಲ್ಲಿ ಹಲಗಿ ಬಾರಿಸ್ತಾ 'ಕೇಳ್ರಪ್ಪೋ ಕೇಳ್ರಿ' ಅಂತ ಸಾರ್ತಾರಲ್ಲ, ಹಾಗೆ ಸ್ಪೀಕರ್ ನೆಟ್‌ವರ್ಕ್ ಒಳಗೆ ಸಾರುತ್ತೆ: 'ನಾನಿಲ್ಲಿದ್ದೀನಿ, ನನ್ನ ಹೆಸರು ಹಾಲ್ ಸ್ಪೀಕರ್, ಹಾಡು ಕೊಟ್ರೆ ಹಾಡ್ತೀನಿ.' ಅದನ್ನ ಕೇಳಿಸಿಕೊಂಡ ಫೋನ್‌ಗಳೆಲ್ಲ ಪರದೆ ಮೇಲೆ ಅದರ ಹೆಸರು ತೋರಿಸ್ತವೆ. ಈ ಡಂಗುರ ವಾಡೆಯ ಗೋಡೆ ದಾಟಿ ಹೋಗೋದಿಲ್ಲ, ಆದ್ರೆ ವಾಡೆಯೊಳಗಿನ ಎಲ್ಲರನ್ನೂ ನಂಬುತ್ತೆ. ಗೋಡೆ ಅಂದ್ರೆ ವೈಫೈ ಪಾಸ್‌ವರ್ಡ್.

ಇದನ್ನ ಮಾಡಿದವರು ಮನೆ ಅಂದ್ರೆ ಅಪ್ಪ, ಅಮ್ಮ, ಎರಡು ಮಕ್ಕಳು ಅಂದುಕೊಂಡಿದ್ರು ಅನ್ಸುತ್ತೆ. ಟಿಳಕವಾಡಿಯ ಕೂಡು ಮನೆಯನ್ನಾಗಲಿ, ಆರು ಹುಡುಗರು ಸೇರಿ ಬಾಡಿಗೆ ಹಿಡಿದ ಫ್ಲ್ಯಾಟನ್ನಾಗಲಿ ಅವರು ನೋಡಿರಲಿಲ್ಲ. ನಮ್ಮಲ್ಲಿ ಪಾಸ್‌ವರ್ಡ್ ಕೇಳೋದು ನೀರು ಕೇಳಿದಷ್ಟೇ ಸಹಜ. ಇಲ್ಲ ಅನ್ನೋದು ಮರ್ಯಾದೆ ಅಲ್ಲ. ಹಾಗಾಗಿ ನಮ್ಮ ಗೋಡೆಗೆ ಬಾಗಿಲುಗಳು ಜಾಸ್ತಿ.

ಗೋಡೆಯೇ ಬಿರುಕು ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. 2017ರ ಕೊನೆಯಲ್ಲಿ ಟ್ರೆಂಡ್ ಮೈಕ್ರೊ ಅನ್ನೋ ಭದ್ರತಾ ಸಂಸ್ಥೆ, ಕೆಲವು ಸೋನೋಸ್ ಮತ್ತು ಬೋಸ್ ಸ್ಪೀಕರ್‌ಗಳು ಮನೆಯ ನೆಟ್‌ವರ್ಕ್ ಸೆಟ್ಟಿಂಗ್ ಸರಿ ಇಲ್ಲದ ಕಾರಣ ಇಂಟರ್ನೆಟ್‌ಗೇ ತೆರೆದುಕೊಂಡಿವೆ, ದೂರದಿಂದ ಯಾರು ಬೇಕಾದ್ರೂ ಅವುಗಳಲ್ಲಿ ಸದ್ದು ಹಾಕಬಹುದು ಅಂತ ತೋರಿಸಿತು. 2019ರ ಜನವರಿಯಲ್ಲಿ ಹ್ಯಾಕರ್‌ಗಳು ಇದೇ ಥರ ತೆರೆದಿದ್ದ ಸಾವಿರಾರು ಕ್ರೋಮ್‌ಕಾಸ್ಟ್‌ಗಳಲ್ಲಿ ಒಬ್ಬ ಯೂಟ್ಯೂಬರ್‌ಗೆ ಸಬ್‌ಸ್ಕ್ರೈಬ್ ಆಗಿ ಅನ್ನೋ ವಿಡಿಯೊ ಓಡಿಸಿದ್ರು. ರೂಟರ್‌ನಲ್ಲಿ ಯುಪಿಎನ್‌ಪಿ ಅನ್ನೋ ಒಂದು ಸೌಲಭ್ಯ ತಾನಾಗಿ ಹೊರಬಾಗಿಲು ತೆಗೆದಿದ್ದೇ ಕಾರಣ. ಹಿಂಬಾಗಿಲು ತೆಗೆದಿದೆ ಅಂತ ಮನೆಯವರಿಗೆ ಗೊತ್ತೇ ಇರಲಿಲ್ಲ.

ಬಾವಲಿಯಿಂದ ಕಲಿಯಬಹುದಾದ ಪಾಠ

ಕಂಪನಿಗಳಿಗೆ ಈ ತೊಂದರೆ ಗೊತ್ತಾಗಲಿಲ್ಲ ಅಂತಲ್ಲ. 2014ರ ಡಿಸೆಂಬರ್‌ನಲ್ಲಿ ಗೂಗಲ್ ಕ್ರೋಮ್‌ಕಾಸ್ಟ್‌ಗೆ 'ಗೆಸ್ಟ್ ಮೋಡ್' ತಂತು. ನನಗೆ ಇಡೀ ಈ ಇತಿಹಾಸದಲ್ಲಿ ಇಷ್ಟವಾದ ಉಪಾಯ ಇದು. ಅತಿಥಿಗೆ ವೈಫೈ ಪಾಸ್‌ವರ್ಡ್ ಕೊಡೋದೇ ಬೇಡ. ಟಿವಿಯ ಸ್ಪೀಕರ್‌ನಿಂದ ಮನುಷ್ಯರ ಕಿವಿಗೆ ಕೇಳದ ಒಂದು ಸಣ್ಣ ಸದ್ದು ಹೊರಡುತ್ತೆ. ಅದರಲ್ಲಿ ನಾಲ್ಕು ಅಂಕಿಯ ಪಿನ್ ಅಡಗಿರುತ್ತೆ. ಅದೇ ಕೋಣೆಯಲ್ಲಿರುವ ಫೋನ್ ಮೈಕ್‌ನಿಂದ ಅದನ್ನ ಕೇಳಿಸಿಕೊಂಡು ಜೋಡಣೆ ಆಗುತ್ತೆ. ಕೇಳಿಸದಿದ್ರೆ ಪರದೆ ಮೇಲಿನ ಪಿನ್ ನೋಡಿ ಒತ್ತಬೇಕು.

ಖಾನಾಪುರ ತಾಲ್ಲೂಕಿನ ಭೀಮಗಡ ಅಭಯಾರಣ್ಯದಲ್ಲಿ ಬಾರಾಪೇಡೆ ಗುಹೆಗಳಿವೆ, ರಾಟನ್ಸ್ ಫ್ರೀ-ಟೇಲ್ಡ್ ಅನ್ನೋ ಅಪರೂಪದ ಬಾವಲಿಗಳ ಮನೆ. ಕತ್ತಲಲ್ಲಿ ಎದುರಿಗೆ ಏನಿದೆ ಅನ್ನೋದನ್ನ ಬಾವಲಿ ಸದ್ದು ಕಳಿಸಿ ತಿಳೀತದೆ. ಗೆಸ್ಟ್ ಮೋಡ್ ಮಾಡಿದ್ದೂ ಅದಕ್ಕೆ ಹತ್ತಿರದ್ದೇ: ಈ ಮನುಷ್ಯ ನಿಜವಾಗಿ ಕೋಣೆಯಲ್ಲಿದ್ದಾನಾ ಅಂತ ಸದ್ದಿನಿಂದ ಕೇಳೋದು. ರೇಡಿಯೊ ತಿರುಗಣಿಯ ಹಳೆ ನಿಯಮ ಹೀಗೆ ಬೇರೆ ದಾರಿಯಲ್ಲಿ ವಾಪಸ್ ಬಂತು. ಇದ್ದಾಗ ಮಾತ್ರ ಅಧಿಕಾರ, ಹೋದ ಮೇಲೆ ಇಲ್ಲ. ಒಳ್ಳೆ ಯೋಚನೆ, ಆದ್ರೆ ಎಲ್ಲ ಕಂಪನಿಗಳ ಸ್ಪೀಕರ್‌ಗೂ ಅದು ಬರಲಿಲ್ಲ.

ಹಾಗಾದ್ರೆ ನಾವೇನು ಮಾಡೋದು? ಬಹಳ ಜನ ಮಾಡೋದು ಗೆಸ್ಟ್ ವೈಫೈ ಆನ್ ಮಾಡೋದು. ಮೊದಲ ಹೆಜ್ಜೆಯಾಗಿ ಸರಿಯಾದದ್ದೇ. ಬಹುತೇಕ ರೂಟರ್‌ಗಳಲ್ಲಿ ಆ ಸೌಲಭ್ಯ ಇದೆ. ಪಾವಣ್ಯಾರಿಗೆ ಇಂಟರ್ನೆಟ್ ಸಿಗುತ್ತೆ, ಮನೆಯ ಸ್ಪೀಕರ್, ಪ್ರಿಂಟರ್, ಕ್ಯಾಮೆರಾ ಕಾಣೋದಿಲ್ಲ. ಡಂಗುರ ಆ ಕಡೆಗೆ ಕೇಳಿಸೋದಿಲ್ಲ. ಆದ್ರೆ ಆಗ ಅವರಿಗೆ ಹಾಡು ಹಾಕೋಕೂ ಆಗೋದಿಲ್ಲ, 'ಯಾಕಪ್ಪಾ, ನಿಮ್ಮ ಸ್ಪೀಕರ್ ಕಾಣವಲ್ದು' ಅಂತಾರೆ. ಹಬ್ಬದ ಮನೆಯಲ್ಲಿ ಇದು ಸ್ವಲ್ಪ ಕಹಿ.

ಅದಕ್ಕೆ ಮಧ್ಯದ ದಾರಿ ಬೇಕು. ಹಾಡು ಹಾಕಬೇಕು ಅನ್ನೋ ಅತಿಥಿಗೆ ಬ್ಲೂಟೂತ್ ಕೊಡಿ, ಸ್ಪೀಕರ್‌ನ ಬಟನ್ ನೀವೇ ಒತ್ತಿ. ಅವರು ಹೋದ ಮೇಲೆ ಪೇರಿಂಗ್ ಪಟ್ಟಿ ಅಳಿಸಿ. ಇಲ್ಲವೇ ಹಾಡಿನ ಸರದಿ ನಿಮ್ಮ ಫೋನ್‌ನಲ್ಲಿರಲಿ, ಅವರು ಅದಕ್ಕೆ ಸೇರಿಸ್ತಾ ಹೋಗಲಿ. 2023ರಲ್ಲಿ ಸ್ಪಾಟಿಫೈ ತಂದ 'ಜ್ಯಾಮ್' ಇದೇ ಕೆಲಸಕ್ಕೆ. ಆಪಲ್ ಹೋಮ್ ಆಪ್‌ನಲ್ಲಿ ಸ್ಪೀಕರ್ ಯಾರಿಗೆ ಅನ್ನೋದಕ್ಕೆ ಮೂರು ಹಂತ ಇವೆ: ಎಲ್ಲರಿಗೂ, ಇದೇ ನೆಟ್‌ವರ್ಕ್‌ನವರಿಗೆ, ಮನೆಯವರಿಗೆ ಮಾತ್ರ. ಗೂಗಲ್ ಹೋಮ್ ಆಪ್‌ನಲ್ಲಿ, ಬೇರೆಯವರು ನಿಮ್ಮ ಹಾಡನ್ನ ನಿಯಂತ್ರಿಸಬಹುದಾ ಅನ್ನೋ ಸ್ವಿಚ್ ಇದೆ, ಅದನ್ನ ಆಫ್ ಮಾಡಬಹುದು. ರೂಟರ್‌ನಲ್ಲಿ ಯುಪಿಎನ್‌ಪಿ ಬೇಕಿಲ್ಲದಿದ್ರೆ ಮುಚ್ಚಿ. ದೊಡ್ಡ ಹಬ್ಬ, ಮದುವೆ ಮುಗಿದ ಮೇಲೆ ಪಾಸ್‌ವರ್ಡ್ ಒಮ್ಮೆ ಬದಲಿಸಿ. ಮಂಟಪ ಬಿಚ್ಚೋದು ಹೇಗೆ ಹಬ್ಬದ ಕೆಲಸವೋ ಇದೂ ಹಾಗೇ.

ಸದ್ದು ಗೋಡೆ ದಾಟಿದ ಮೇಲೆ

ಖಾನಾಪುರದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖ ಇದೆ. ಜಾಂಬೋಟಿ, ಕಣಕುಂಬಿ, ಚೋರ್ಲಾ ಘಟ್ಟದ ರಸ್ತೆಯಲ್ಲಿ ಗೋವಾಕ್ಕೆ ಹೋಗಿಬರುವವರು ಉಳಿದುಕೊಳ್ಳುವ ಹೋಂಸ್ಟೇಗಳಿವೆ. ಅಲ್ಲಿ ಅತಿಥಿ ಅಂದ್ರೆ ಸಂಬಂಧಿಕ ಅಲ್ಲ, ದುಡ್ಡು ಕೊಟ್ಟು ಬಂದವರು. ವಾರಕ್ಕೊಂದು ಗುಂಪು, ಎಲ್ಲರಿಗೂ ಅದೇ ಪಾಸ್‌ವರ್ಡ್, ಅಂಗಳದಲ್ಲಿ ಅದೇ ಸ್ಪೀಕರ್. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಲಿನ ಕಾಡಿಗೆ ರಾತ್ರಿ ಹನ್ನೊಂದಕ್ಕೆ ಬಾಸ್ ಬೇಕಿಲ್ಲ.

ಇಲ್ಲಿ ಕಾನೂನು ಮತ್ತೆ ಬಾಗಿಲಿಗೆ ಬರುತ್ತೆ. 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ. ಖಾಸಗಿ ಜಾಗದ ಸೌಂಡ್ ಸಿಸ್ಟಂ ಸದ್ದು ನಿಮ್ಮ ಆವರಣದ ಗಡಿಯಲ್ಲಿ ಆ ಪ್ರದೇಶದ ಮಿತಿಗಿಂತ 5 ಡೆಸಿಬೆಲ್‌ಗಿಂತ ಜಾಸ್ತಿ ಇರಬಾರದು. ಹಬ್ಬಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ, ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದನ್ನ ಗಟ್ಟಿಗೊಳಿಸಿತು. ಬೆಳಗಾವಿಯ ಗಣೇಶ ವಿಸರ್ಜನೆಯ ರಾತ್ರಿ ಕಪಿಲೇಶ್ವರ ಹೊಂಡದ ಹಾದಿಯಲ್ಲಿ ನಿಂತವರಿಗೆ ಈ ನಿಯಮ ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ.

ಈ ನಿಯಮಗಳು ನೋಡೋದು ಯಾರು ಹಾಡು ಹಾಕಿದ್ರು ಅನ್ನೋದನ್ನಲ್ಲ, ಸದ್ದು ಯಾರ ಜಾಗದಿಂದ ಬಂತು ಅನ್ನೋದನ್ನ. 1933ರ ಹಾಗೆ ಇಲ್ಲೂ ಉತ್ತರ ಕೊಡಬೇಕಾದವರು ಪೆಟ್ಟಿಗೆಯ ಯಜಮಾನರು. ಹಾಗಾಗಿ ಹೋಂಸ್ಟೇ ನಡೆಸುವವರು ಸ್ಪೀಕರ್‌ಗೆ ಗರಿಷ್ಠ ವಾಲ್ಯೂಮ್ ಕಟ್ಟಿಡೋದು, ರಾತ್ರಿ ಹತ್ತಕ್ಕೆ ಅದರ ಸ್ವಿಚ್ ತೆಗೆಯೋದು ಅಸಭ್ಯತೆ ಅಲ್ಲ. ಹಳೆಯ ಹಳ್ಳಿ ರೇಡಿಯೊದ ಟೈಮ್ ಸ್ವಿಚ್ ಅಷ್ಟರಮಟ್ಟಿಗೆ ಸರಿಯಾಗಿತ್ತು.

ಇಷ್ಟು ದೂರ ಬಂದ ಮೇಲೆ ನನಗೆ ಅನ್ನಿಸೋದು ಇಷ್ಟೇ. ಈ ಇತಿಹಾಸದಲ್ಲಿ ಎರಡು ಥರದ ತಪ್ಪುಗಳಿವೆ. ಹಾರ್ಮೋನಿಯಂ ಹೊರಗಿಟ್ಟಿದ್ದು, ಹಳ್ಳಿ ರೇಡಿಯೊಗೆ ಬೀಗ ಹಾಕಿದ್ದು, ಅಡಿಗೆಮನೆಗೆ ತಿರುಗಣಿ ಕೊಡದೇ ಇದ್ದದ್ದು ಬಾಗಿಲನ್ನ ಜಾಸ್ತಿ ಮುಚ್ಚಿದ ತಪ್ಪು. ಒಮ್ಮೆ ಪಾಸ್‌ವರ್ಡ್ ಕೊಟ್ರೆ ಜನ್ಮಪೂರ್ತಿ ಮನೆಯವನೇ ಅನ್ನೋ ಇಂದಿನ ವ್ಯವಸ್ಥೆ ಬಾಗಿಲನ್ನ ಮುಚ್ಚೋಕೇ ಮರೆತ ತಪ್ಪು. ಅತಿಥಿಗೆ ಕೊಡಬೇಕಾದ್ದು ಇವೆರಡರ ನಡುವಿನದು: ಇದ್ದಷ್ಟು ದಿನ ಧಾರಾಳವಾಗಿ, ಹೋಗುವಾಗ ಮುಗಿಯುವ ಹಾಗೆ. ಕುಂದಾ ಕಟ್ಟಿ ಕೊಡಿ, ಮನೆಯ ಕೀಲಿ ಬೇಡ.

ಮನೆಯೊಳಗೂ ಒಂದು ಮಾತು ಆಗಲಿ. ಸ್ಪೀಕರ್‌ನ ಅಡ್ಮಿನ್ ಯಾರು? ನಮ್ಮಲ್ಲಿ ಬಹಳ ಸಲ ಅದು ಮನೆಯ ಅತಿ ಚಿಕ್ಕ ವಯಸ್ಸಿನವರು, ಅಂದ್ರೆ ನೀವೇ. ಸೆಟಪ್ ಮಾಡಿದ್ದು ನೀವು, ಖಾತೆ ನಿಮ್ಮದು. ಒಂದು ಕಾಲಕ್ಕೆ ಕಾಕಾ ಕೈಯಲ್ಲಿದ್ದ ತಿರುಗಣಿ ಈಗ ನಿಮ್ಮ ಕೈಗೆ ಬಂದಿದೆ. ಅವ್ವನ ಫೋನನ್ನೂ ಅದಕ್ಕೆ ಸೇರಿಸಿ, ಅವರಿಗೆ ಬೇಕಾದ್ದು ಹಚ್ಚೋದು ಕಲಿಸಿಕೊಡಿ. ಈ ವಾರಾಂತ್ಯ ಹತ್ತು ನಿಮಿಷ ಸಾಕು.